ಮೊದಲು ಹಿಂದಿರುಗುವ ದಾರಿ



ದತ್ತಿ ಉಪನ್ಯಾಸ ಅಂದರೆ ನಮ್ಮ ಕಡೆ ವಚನ, ಜಾನಪದ, ಇಲ್ಲವೇ ರನ್ನ. ರನ್ನನ ಊರು ಮುಧೋಳ ನಮ್ಮ ಮಹಾಲಿಂಗಪುರದ ಪಕ್ಕದಲ್ಲೇ ಇದೆ. ರನ್ನನ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡಬಲ್ಲವರು ಈ ಸಭೆಯಲ್ಲೇ ಕೂತಿದ್ದಾರೆ. ಹಾಗಾಗಿ ನಾನು ಬೇರೆ ವಿಷಯ ಹಿಡಿದಿದ್ದೇನೆ. ಜನ ದಿನಾಲೂ ಬಳಸುತ್ತಿರುವ ಒಂದು ತಂತ್ರಾಂಶದ ಹೊಸ ಆವೃತ್ತಿಯನ್ನು ಅವರ ಕೆಲಸ ಕೆಡದಂತೆ ಅವರ ಕೈಗೆ ಹೇಗೆ ಕೊಡಬೇಕು? ಈ ಕಸುಬಿನವರು ಇದಕ್ಕೆ ಡಿಪ್ಲಾಯ್‌ಮೆಂಟ್ ಅನ್ನುತ್ತಾರೆ. ಇದು ಬೆಂಗಳೂರಿನವರ ವಿಷಯ ಎಂದು ದಯವಿಟ್ಟು ಎದ್ದು ಹೋಗಬೇಡಿ. "ಸರ್ವರ್ ಡೌನ್ ಐತ್ರೀ, ನಾಳೆ ಬರ್ರಿ" ಎಂಬ ಮಾತನ್ನು ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಪತ್ತಿನ ಸಂಘದಲ್ಲಿ ಕೇಳದವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಸರ್ವರ್ ನಿಲ್ಲುವುದಕ್ಕೆ ಕರೆಂಟು, ಕೇಬಲ್ಲು, ಹಳೆಯ ಯಂತ್ರ ಹೀಗೆ ಕಾರಣಗಳು ನೂರು. ಆದರೆ ಗೂಗಲ್ ಕಂಪನಿಯ ಎಂಜಿನಿಯರುಗಳು 2016ರಲ್ಲಿ ಹೊರತಂದ ಪುಸ್ತಕದಲ್ಲಿ ತಮ್ಮ ಅನುಭವವನ್ನೇ ಬರೆದಿದ್ದಾರೆ: ಸೇವೆ ನಿಂತ ಸಂದರ್ಭಗಳಲ್ಲಿ ಹೆಚ್ಚೂ ಕಡಿಮೆ ನೂರಕ್ಕೆ 70ರಷ್ಟು, ನಡೆಯುತ್ತಿದ್ದ ವ್ಯವಸ್ಥೆಯಲ್ಲಿ ಯಾರೋ ಏನೋ ಬದಲಾಯಿಸಿದ್ದರಿಂದ ಆದಂಥವು. ಅಂದರೆ ತಾನಾಗಿ ಕೆಟ್ಟದ್ದು ಕಡಿಮೆ, ಸುಧಾರಿಸಲು ಹೋಗಿ ಕೆಡಿಸಿದ್ದು ಹೆಚ್ಚು.

ನಮ್ಮ ಊರಿನ ವ್ಯಾಪಾರಸ್ಥರು ಮರೆತಿರಲಾರದ ಒಂದು ದಿನದಿಂದ ಶುರುಮಾಡುತ್ತೇನೆ. 2018ರ ಫೆಬ್ರುವರಿ 1. 50 ಸಾವಿರ ರೂಪಾಯಿಗಿಂತ ಹೆಚ್ಚಿನ ಸರಕು ಸಾಗಿಸುವವರು ಆನ್‌ಲೈನ್‌ನಲ್ಲಿ ಇ-ವೇ ಬಿಲ್ ತೆಗೆಯಲೇಬೇಕು ಎಂಬ ನಿಯಮ ದೇಶಕ್ಕೆಲ್ಲ ಜಾರಿಯಾದ ದಿನ ಅದು. ಬನಹಟ್ಟಿ, ರಬಕವಿ, ಮಹಾಲಿಂಗಪುರದಿಂದ ಹೊರಡುವ ಸೀರೆ ಬಂಡಲ್ಲಿಗೂ ಅದು ಅನ್ವಯ. ಬೆಳಿಗ್ಗೆ ದೇಶದ ವ್ಯಾಪಾರಸ್ಥರೆಲ್ಲ ಒಮ್ಮೆಲೇ ಆ ತಾಣಕ್ಕೆ ನುಗ್ಗಿದರು. ತಾಣ ಕುಸಿಯಿತು. ಅದೇ ದಿನ ಸರ್ಕಾರ ನಿಯಮವನ್ನೇ ಮುಂದೂಡಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಆ ತಂತ್ರಾಂಶ ಪರೀಕ್ಷೆಯಾಗದೆ ಬಂದದ್ದೇನೂ ಆಗಿರಲಿಲ್ಲ. ಅದನ್ನು ಕಟ್ಟಿದ್ದು ಕೇಂದ್ರ ಸರ್ಕಾರದ ತಂತ್ರಾಂಶ ಸಂಸ್ಥೆ ಎನ್‌ಐಸಿ. ವ್ಯಾಟ್ ಕಾಲದಲ್ಲೇ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಇ-ಸುಗಮ್ ಎಂಬ ಇಂಥದೇ ವ್ಯವಸ್ಥೆ ನಡೆದಿತ್ತು. ಹೊಸ ಇ-ವೇ ಬಿಲ್ಲನ್ನೂ 2017ರಲ್ಲೇ ಮೊದಲು ಕರ್ನಾಟಕದಲ್ಲಿ ಓಡಿಸಿ ನೋಡಿದ್ದರು; ಆಮೇಲೆ ರಾಜಸ್ಥಾನ, ಉತ್ತರಾಖಂಡ, ಕೇರಳಗಳೂ ಸೇರಿದವು. 2018ರ ಜನವರಿ ಮಧ್ಯದಿಂದ ದೇಶಕ್ಕೆಲ್ಲ ಪ್ರಾಯೋಗಿಕವಾಗಿ ತೆರೆದೂ ಇಟ್ಟಿದ್ದರು. ಇಷ್ಟಾಗಿಯೂ ಫೆಬ್ರುವರಿ 1ರಂದು ಬಿತ್ತು. ಯಾಕೆ? ನಾಲ್ಕು ರಾಜ್ಯಗಳಿಂದ ಇಡೀ ದೇಶಕ್ಕೆ ಒಂದೇ ಜಿಗಿತ. ಐಚ್ಛಿಕವಾಗಿದ್ದದ್ದು ರಾತ್ರಿ ಕಳೆಯುವುದರೊಳಗೆ ಕಡ್ಡಾಯ. ನಡುವೆ ಮೆಟ್ಟಿಲೇ ಇರಲಿಲ್ಲ.

ಎರಡನೇ ಸಲ ಅದೇ ತಂತ್ರಾಂಶವನ್ನು ಹೇಗೆ ತಂದರು ನೋಡಿ. ಏಪ್ರಿಲ್ 1ಕ್ಕೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿಗೆ ಮಾತ್ರ ಕಡ್ಡಾಯ ಮಾಡಿದರು. ರಾಜ್ಯದ ಒಳಗಿನ ಸಾಗಣೆಗೂ ಅನ್ವಯಿಸಲು ಅಂದು ಒಪ್ಪಿದ ರಾಜ್ಯ ಒಂದೇ, ಕರ್ನಾಟಕ. ಎರಡು ವಾರ ನೋಡಿದರು. ಏಪ್ರಿಲ್ 15ಕ್ಕೆ ಆಂಧ್ರ, ತೆಲಂಗಾಣ, ಕೇರಳ, ಗುಜರಾತ್, ಉತ್ತರ ಪ್ರದೇಶ. ಆಮೇಲೆ ಗುಂಪು ಗುಂಪಾಗಿ ಉಳಿದವು. ಜೂನ್ ಹೊತ್ತಿಗೆ ದೇಶವಿಡೀ ಬಂತು. ಕಾನೂನು ಅದೇ, ಕಟ್ಟಿದವರು ಅವರೇ, ಬಳಸುವವರೂ ಅವರೇ. ಸರ್ವರುಗಳ ಬಲ ಹೆಚ್ಚಿಸಿದ್ದೂ ನಿಜ. ಆದರೆ ಬಲ ಸಾಕೋ ಸಾಲದೋ ಎಂದು ಪ್ರತಿ ಹಂತದಲ್ಲೂ ನೋಡಲು, ಸಾಲದಿದ್ದರೆ ಮುಂದಿನ ಗುಂಪನ್ನು ತಡೆಯಲು ಈ ಸಲ ಅವಕಾಶವಿತ್ತು. ಮೊದಲ ಸಲ ಅವರ ಬಳಿ ಇದ್ದ ತಡೆ ಒಂದೇ ಒಂದು: ಇಡೀ ದೇಶದ ನಿಯಮವನ್ನೇ ವಾಪಸು ಪಡೆಯುವುದು.

ನನ್ನ ಮಾತಿನ ತಿರುಳು ಇಷ್ಟೇ. ಹೊಸದನ್ನು ಹೇಗೆ ತರುವುದು ಎಂದು ಕೇಳುವ ಮೊದಲು, ಅದು ಕೈಕೊಟ್ಟರೆ ಹಳೆಯದಕ್ಕೆ ಎಷ್ಟು ಹೊತ್ತಿನಲ್ಲಿ, ಏನನ್ನು ಕಳೆದುಕೊಂಡು ಮರಳುತ್ತೇವೆ ಎಂದು ಕೇಳಬೇಕು. ಆ ಉತ್ತರವೇ ನಿಮ್ಮ ಪದ್ಧತಿಯನ್ನು ಆರಿಸಿಕೊಡುತ್ತದೆ. ಮಿಕ್ಕದ್ದು ಹೆಸರುಗಳು.

ಆದರೂ ಹೆಸರುಗಳು ಗೊತ್ತಿರಲಿ. ಇಲ್ಲಿನ ವಿದ್ಯಾರ್ಥಿಗಳು ನಾಳೆ ಪುಣೆಯಲ್ಲೋ ಬೆಂಗಳೂರಿನಲ್ಲೋ ಸಂದರ್ಶನಕ್ಕೆ ಕೂತಾಗ ಇವನ್ನು ಕೇಳುತ್ತಾರೆ. ರಾತ್ರಿ ಹಳೆಯದನ್ನು ಆರಿಸಿ ಬೆಳಿಗ್ಗೆ ಹೊಸದನ್ನು ಎಲ್ಲರಿಗೂ ಹಚ್ಚುವುದು ಬಿಗ್ ಬ್ಯಾಂಗ್. ಹತ್ತು ಸರ್ವರುಗಳಿದ್ದರೆ ಒಂದೊಂದನ್ನೇ ಬದಲಿಸುತ್ತ ಹೋಗುವುದು ರೋಲಿಂಗ್. ಇದು ನಮ್ಮ ನೇಕಾರರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಮಗ್ಗದ ಮೇಲಿನ ಹಾಸು ಮುಗಿಯುತ್ತ ಬಂದಾಗ ಯಾರೂ ಹಳೆಯ ಎಳೆಗಳನ್ನು ಕಿತ್ತು ಹಣಿಗೆಯನ್ನು ಬರಿದು ಮಾಡುವುದಿಲ್ಲ. ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಒಂದೊಂದಾಗಿ ಕೆಚ್ಚಿ ಮೆಲ್ಲಗೆ ಎಳೆದುಕೊಳ್ಳುತ್ತಾರೆ. ಒಂದು ಗಂಟು ಸಡಿಲವಾಗಿದ್ದರೆ ಆ ಒಂದು ಎಳೆ ಹೋಗುತ್ತದೆ, ಸೀರೆ ಹೋಗುವುದಿಲ್ಲ. ರೋಲಿಂಗಿನ ಕಷ್ಟವೂ ಅಲ್ಲೇ ಇದೆ: ಸ್ವಲ್ಪ ಹೊತ್ತು ಹಳೆಯದೂ ಹೊಸದೂ ಜೊತೆಜೊತೆಗೆ ಕೆಲಸ ಮಾಡಬೇಕು, ಒಂದು ಬರೆದದ್ದು ಇನ್ನೊಂದಕ್ಕೆ ಓದಲು ಬರಬೇಕು.

ಬ್ಲೂ-ಗ್ರೀನ್ ಎಂಬುದು ಶ್ರೀಮಂತರ ಪದ್ಧತಿ. ಎರಡು ಪೂರ್ತಿ ವ್ಯವಸ್ಥೆ ಇಟ್ಟುಕೊಳ್ಳುವುದು. ಜನ ನೀಲಿಯಲ್ಲಿ ಕೆಲಸ ಮಾಡುತ್ತಿರುವಾಗ ಹಸಿರಿನಲ್ಲಿ ಹೊಸದನ್ನು ಸಿದ್ಧಮಾಡಿ, ಪರೀಕ್ಷಿಸಿ, ಒಂದು ಕ್ಷಣದಲ್ಲಿ ಜನರನ್ನು ಅತ್ತ ಹೊರಳಿಸುವುದು. ಕೆಟ್ಟರೆ ಅಷ್ಟೇ ಬೇಗ ಇತ್ತ ಹೊರಳಿಸುವುದು. ಜೆಜ್ ಹಂಬಲ್, ಡೇವಿಡ್ ಫಾರ್ಲಿ 2010ರಲ್ಲಿ ಬರೆದ 'ಕಂಟಿನ್ಯುಯಸ್ ಡೆಲಿವರಿ' ಪುಸ್ತಕದಿಂದ ಈ ಹೆಸರು ಎಲ್ಲೆಡೆ ಹರಡಿತು. ಕ್ಯಾನರಿ ಎಂಬುದು ಕಲ್ಲಿದ್ದಲ ಗಣಿಯಿಂದ ಬಂದದ್ದು. ವಿಷಾನಿಲದ ಸುಳಿವು ಹಿಡಿಯಲು ಬ್ರಿಟನ್ನಿನ ಗಣಿಗಾರರು 1986ರವರೆಗೂ ಪಂಜರದಲ್ಲಿ ಹಕ್ಕಿಯನ್ನು ಒಯ್ಯುತ್ತಿದ್ದರು. ತಂತ್ರಾಂಶದಲ್ಲಿ ನೂರಕ್ಕೆ ಒಬ್ಬರಿಗೋ ಇಬ್ಬರಿಗೋ ಮೊದಲು ಹೊಸ ಆವೃತ್ತಿ ಕೊಟ್ಟು, ದೋಷದ ಅಂಕಿಗಳನ್ನು ನೋಡುತ್ತ ಐದಕ್ಕೆ, ಇಪ್ಪತ್ತಕ್ಕೆ, ನೂರಕ್ಕೆ ಏರಿಸುವುದು. ನಿಮ್ಮ ಫೋನಿನ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು ಮನೆಯಾಕೆಯ ಫೋನಿನಲ್ಲಿ ಇನ್ನೂ ಬಂದಿಲ್ಲ ಅಂದರೆ ನೀವು ಮೊದಲ ಗುಂಪಿನಲ್ಲಿದ್ದೀರಿ ಅಂತ ಅರ್ಥ. ಫೀಚರ್ ಫ್ಲ್ಯಾಗ್ ಅಂದರೆ ಹೊಸ ಸೌಲಭ್ಯವನ್ನು ಆರಿಸಿಟ್ಟ ಸ್ಥಿತಿಯಲ್ಲೇ ಕಳಿಸಿ, ಆಮೇಲೆ ಗುಂಡಿ ಒತ್ತಿ ಹಚ್ಚುವುದು.

ಇವನ್ನೆಲ್ಲ ಅಮೆರಿಕದಿಂದಲೇ ಕಲಿಯಬೇಕಿಲ್ಲ. ಇಂಥ ಹೆಸರುಗಳು ಬರುವುದಕ್ಕೂ ಮೊದಲು ಕರ್ನಾಟಕ ಸರ್ಕಾರವೇ ಒಂದು ದೊಡ್ಡ ಬದಲಾವಣೆಯನ್ನು ಜಾಣತನದಿಂದ ತಂದಿತ್ತು. ಅದು 'ಭೂಮಿ'. ನನ್ನ ಮಟ್ಟಿಗೆ ನಮ್ಮ ರಾಜ್ಯದ ತಂತ್ರಾಂಶ ಇತಿಹಾಸದಲ್ಲಿ ಓದಲು ಅತ್ಯಂತ ಯೋಗ್ಯವಾದ ಪ್ರಕರಣ ಇದೇ. ದುರದೈವಕ್ಕೆ ನಮ್ಮ ಕಂಪ್ಯೂಟರ್ ವಿಭಾಗಗಳಲ್ಲಿ ಇದನ್ನು ಪಾಠವಾಗಿ ಇಟ್ಟವರು ಕಡಿಮೆ.

ಆಗ ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರು, ನಮ್ಮ ಕಡೆಯ ಮಾತಿನಲ್ಲಿ ತಲಾಠಿಗಳು, ಕೈಯಲ್ಲಿ ಪಹಣಿ ಬರೆಯುತ್ತಿದ್ದರು. ಉತಾರ ಬೇಕಾದರೆ ಅವರನ್ನು ಹುಡುಕಿಕೊಂಡು ಹೋಗಬೇಕು, ಅವರು ಸಿಗಬೇಕು, ಸಿಕ್ಕ ಮೇಲೆ ಮನಸ್ಸು ಮಾಡಬೇಕು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತರುವ ಕೆಲಸ ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಎನ್‌ಐಸಿಯ ತಂತ್ರಾಂಶದೊಂದಿಗೆ ನಡೆಯಿತು. 177 ತಾಲ್ಲೂಕುಗಳನ್ನು ಒಮ್ಮೆಲೇ ತೆರೆಯಲಿಲ್ಲ. ಮೊದಲು ಜಿಲ್ಲೆಗೊಂದು ತಾಲ್ಲೂಕು, ಆಮೇಲೆ ಉಳಿದವು. ಪ್ರತಿ ತಾಲ್ಲೂಕಿನಲ್ಲೂ ಮೊದಲು ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದರು, ಮುದ್ರಿಸಿದರು, ಆ ಮುದ್ರಿತ ಪ್ರತಿಯನ್ನು ತಲಾಠಿಯ ಕೈಗೇ ಕೊಟ್ಟು ಮೂಲ ವಹಿಯೊಂದಿಗೆ ತಾಳೆ ನೋಡಿಸಿ ಸಹಿ ಹಾಕಿಸಿದರು. ಅಂದರೆ ಹಳೆಯ ವ್ಯವಸ್ಥೆ ನಡೆಯುತ್ತಿರುವಾಗಲೇ ಹೊಸದು ಪಕ್ಕದಲ್ಲಿ ನಿಂತು ತನ್ನನ್ನು ತಿದ್ದಿಕೊಂಡಿತು.

ಇಲ್ಲಿಯವರೆಗೆ ಯಾರಾದರೂ ಮಾಡಿಯಾರು. ಜಾಣತನ ಇದ್ದದ್ದು ಮುಂದಿನ ಹೆಜ್ಜೆಯಲ್ಲಿ. ಒಂದು ತಾಲ್ಲೂಕಿನಲ್ಲಿ ಭೂಮಿ ಕೇಂದ್ರ ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದು ಅಧಿಸೂಚನೆ ಹೊರಡಿಸಿದರು. ಇದಿಲ್ಲದಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಕಂಪ್ಯೂಟರಿನ ಪಹಣಿಯಲ್ಲಿ ಒಂದು ಹೆಸರು, ಕೈಬರಹದಲ್ಲಿ ಇನ್ನೊಂದು. ಯಾರಿಗೆ ಯಾವುದು ಅನುಕೂಲವೋ ಅವರು ಅದನ್ನು ಹಿಡಿದು ಕೋರ್ಟಿಗೆ. ಎರಡು ವ್ಯವಸ್ಥೆಗಳನ್ನು ಜೊತೆಗೆ ನಡೆಸುವುದು ಪರೀಕ್ಷೆಗೆ ಒಳ್ಳೆಯದು, ಆಡಳಿತಕ್ಕೆ ವಿಷ. ಹೊಸದನ್ನು ಎಂದು ಶುರುಮಾಡಬೇಕು ಎಂಬುದು ಎಷ್ಟು ಸ್ಪಷ್ಟವೋ, ಹಳೆಯದನ್ನು ಎಂದು ಮುಚ್ಚಬೇಕು ಎಂಬುದೂ ಅಷ್ಟೇ ಸ್ಪಷ್ಟವಾಗಿ ಗೊತ್ತಿರಬೇಕು. ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು, ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿ ಆಗುತ್ತಿದ್ದವು, ಅಧಿಕಾರಿ ಬೆರಳಚ್ಚು ಕೊಟ್ಟೇ ತಂತ್ರಾಂಶದೊಳಗೆ ಹೋಗಬೇಕಿತ್ತು. ಇವೆಲ್ಲ ಹೊಸದರ ಗುಣಗಳು. ಆದರೆ ಅವು ಉಳಿದದ್ದು ಹಳೆಯ ಬಾಗಿಲು ಮುಚ್ಚಿದ್ದರಿಂದ.

ಹೊಗಳಿದ ಮೇಲೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ತಾಳೆ ನೋಡುವಾಗ ತಪ್ಪಿಹೋದ ದೋಷಗಳು, ತಂದೆಯ ಹೆಸರಿನ ಅಕ್ಷರ, ಗುಂಟೆಯ ಲೆಕ್ಕ, ಇವು ಕಂಪ್ಯೂಟರಿನಲ್ಲಿ ಗಟ್ಟಿಯಾಗಿ ಕೂತವು. ಕೈಬರಹದ ತಪ್ಪನ್ನು ತಲಾಠಿ ತಿದ್ದುತ್ತಿದ್ದ. ಕಂಪ್ಯೂಟರಿನ ತಪ್ಪಿಗೆ ತಹಶೀಲ್ದಾರ ಕಚೇರಿ, ಉಪವಿಭಾಗಾಧಿಕಾರಿ ಕಚೇರಿ ಎಂದು ರೈತ ಅಲೆದ. ತಂತ್ರಾಂಶ ತಪ್ಪಾದರೆ ಹಳೆಯ ಆವೃತ್ತಿಗೆ ಮರಳಬಹುದು. ತಪ್ಪು ಮಾಹಿತಿಗೆ ಮರಳಲು ಯಾವ ಆವೃತ್ತಿಯೂ ಇಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ಮೆಟ್ಟಿಲಿಲ್ಲದೆ ಜಿಗಿದವರ ಕಥೆ ಬೇಕೆಂದರೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು. 2018ರ ಏಪ್ರಿಲ್‌ನ ಒಂದೇ ವಾರಾಂತ್ಯದಲ್ಲಿ 52 ಲಕ್ಷ ಗ್ರಾಹಕರ ಖಾತೆಗಳನ್ನು ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಸಾಗಿಸಿತು. ಸೋಮವಾರದ ಹೊತ್ತಿಗೆ ಸುಮಾರು 19 ಲಕ್ಷ ಜನರಿಗೆ ತಮ್ಮ ಖಾತೆಯೊಳಗೆ ಹೋಗಲು ಆಗಲಿಲ್ಲ; ಕೆಲವರಿಗೆ ಬೇರೆಯವರ ಖಾತೆ ಕಾಣಿಸಿತು. ಹಿಂದಿರುಗುವಂತಿರಲಿಲ್ಲ, ಯಾಕೆಂದರೆ ಹೊಸದರಲ್ಲಿ ಆಗಲೇ ವ್ಯವಹಾರ ನಡೆದುಬಿಟ್ಟಿತ್ತು. ಬ್ಯಾಂಕಿಗೆ ಬಿದ್ದ ಖರ್ಚು 33 ಕೋಟಿ ಪೌಂಡ್. 2022ರ ಡಿಸೆಂಬರ್‌ನಲ್ಲಿ ನಿಯಂತ್ರಕರು 4.865 ಕೋಟಿ ಪೌಂಡ್ ದಂಡವನ್ನೂ ಹಾಕಿದರು. ನಮ್ಮಲ್ಲಿ 2021ರ ಜೂನ್‌ನಲ್ಲಿ ಆದಾಯ ತೆರಿಗೆ ಇಲಾಖೆಯ ಹಳೆಯ ಪೋರ್ಟಲನ್ನು 1ರಿಂದ 6ರವರೆಗೆ ಮುಚ್ಚಿ, 7ನೇ ತಾರೀಖು ರಾತ್ರಿ ಹೊಸದನ್ನು ದೇಶಕ್ಕೆಲ್ಲ ತೆರೆದರು. ಕಟ್ಟಿದ್ದು ಇನ್ಫೋಸಿಸ್, ಗುತ್ತಿಗೆಯ ಮೊತ್ತ 4,242 ಕೋಟಿ ರೂಪಾಯಿ. ಮೊದಲ ದಿನದಿಂದಲೇ ದೂರುಗಳು. ಆಗಸ್ಟ್‌ನಲ್ಲಿ ಎರಡು ದಿನ ತಾಣವೇ ಸಿಗಲಿಲ್ಲ, ಹಣಕಾಸು ಸಚಿವರು ಕಂಪನಿಯ ಮುಖ್ಯಸ್ಥರನ್ನು ಕರೆಸಿ ಕೇಳಿದರು, ರಿಟರ್ನ್ ಸಲ್ಲಿಕೆಯ ಗಡುವು ಡಿಸೆಂಬರ್ 31ಕ್ಕೆ ಹೋಯಿತು. ಕ್ರಮೇಣ ಪೋರ್ಟಲ್ ಸುಧಾರಿಸಿತು, ಈಗ ಅದರಲ್ಲೇ ಎಲ್ಲರೂ ರಿಟರ್ನ್ ಹಾಕುತ್ತಿದ್ದೇವೆ. ಕಂಪನಿ ದೊಡ್ಡದೋ ಸಣ್ಣದೋ ಎಂಬುದು ಪ್ರಶ್ನೆಯಲ್ಲ. ಹಳೆಯ ಪೋರ್ಟಲನ್ನು ಮುಚ್ಚಿಯೇ ಹೊಸದನ್ನು ತೆರೆದ ಕ್ಷಣಕ್ಕೆ, ಎಷ್ಟು ಒಳ್ಳೆಯ ಎಂಜಿನಿಯರ್ ಇದ್ದರೂ ಅವನ ಕೈಯಲ್ಲಿ ಉಳಿಯುವುದು ಮುಂದಕ್ಕೆ ತಳ್ಳುವ ದಾರಿ ಒಂದೇ.

ಹಾಗಾದರೆ ಹಿಂದಕ್ಕೆ ಬರುವ ಗುಂಡಿಯೊಂದಿದ್ದರೆ ಸಾಕೇ? ಸಾಲದು. ನೈಟ್ ಕ್ಯಾಪಿಟಲ್ ಎಂಬ ಅಮೆರಿಕದ ಷೇರು ವ್ಯವಹಾರದ ಕಂಪನಿಯ ಕಥೆಯನ್ನು ನಾನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ. 2012ರ ಆಗಸ್ಟ್ 1. ಎಂಟು ಸರ್ವರುಗಳಿಗೆ ಹೊಸ ಆವೃತ್ತಿ ಹಾಕಬೇಕಿತ್ತು. ಏಳಕ್ಕೆ ಹಾಕಿದರು, ಎಂಟನೆಯದು ಉಳಿದುಹೋಯಿತು, ಎರಡನೆಯವರು ನೋಡಿ ಖಚಿತಪಡಿಸುವ ಕ್ರಮವೂ ಇರಲಿಲ್ಲ. ಹೊಸ ಸೌಲಭ್ಯವನ್ನು ಹಚ್ಚುವುದಕ್ಕೆ ಬಳಸಿದ್ದು ವರ್ಷಗಳ ಹಿಂದೆ ಬೇರೊಂದು ಕೆಲಸಕ್ಕಿದ್ದ ಅದೇ ಫ್ಲ್ಯಾಗು. ಏಳು ಸರ್ವರುಗಳಲ್ಲಿ ಅದು ಹೊಸ ಕೆಲಸ ಮಾಡಿತು. ಎಂಟನೆಯದರಲ್ಲಿ ಸತ್ತೇಹೋಗಿದೆ ಎಂದುಕೊಂಡಿದ್ದ ಹಳೆಯ ಕೋಡ್ ಎದ್ದು ಕೂತು ಷೇರುಗಳನ್ನು ಕೊಳ್ಳುತ್ತ ಮಾರುತ್ತ ಹೋಯಿತು. ಗಾಬರಿಯಾದ ಎಂಜಿನಿಯರುಗಳು ಏನು ಮಾಡಿದರು? ಹೊಸ ಆವೃತ್ತಿಯಲ್ಲೇ ದೋಷ ಇರಬೇಕೆಂದು ಸರಿಯಿದ್ದ ಏಳು ಸರ್ವರುಗಳಿಂದ ಅದನ್ನು ತೆಗೆದು ಹಳೆಯದನ್ನು ಹಾಕಿದರು. ಫ್ಲ್ಯಾಗು ಹಚ್ಚಿದ ಹಾಗೇ ಇತ್ತು. ಈಗ ಎಂಟಕ್ಕೆ ಎಂಟೂ ಅದೇ ಹುಚ್ಚಾಟಕ್ಕೆ ಬಿದ್ದವು. 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಮೀರಿ ನಷ್ಟ. ಕಂಪನಿ ಬೇರೆಯವರ ಪಾಲಾಯಿತು. ಹಿಂದಿರುಗುವ ದಾರಿಯನ್ನು ಒಮ್ಮೆಯೂ ನಡೆದು ನೋಡದೆ ಆಪತ್ತಿನಲ್ಲಿ ಓಡಿದರೆ ಹೀಗಾಗುತ್ತದೆ. ಹೊಸ ಆವೃತ್ತಿ ಬಿಡುವ ಹಿಂದಿನ ವಾರ ಹಳೆಯದಕ್ಕೆ ಮರಳುವ ಕಸರತ್ತು ಮಾಡಿ ನೋಡದ ತಂಡ ಎಷ್ಟೇ ಬುದ್ಧಿವಂತರದಾಗಿರಲಿ, ನಾನು ಅದನ್ನು ನಂಬುವುದಿಲ್ಲ.

ಕಂಪ್ಯೂಟರ್ ಭದ್ರತಾ ತಂತ್ರಾಂಶ ಮಾಡುವ ಕ್ರೌಡ್‌ಸ್ಟ್ರೈಕ್ ಕಂಪನಿಯ 2024ರ ಜುಲೈ 19ರ ಪ್ರಕರಣ ನಿಮ್ಮ ನೆನಪಿನಲ್ಲಿದೆ. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಜನ ಸಾಲುಗಟ್ಟಿ ನಿಂತರು, ದೇಶದ ಕೆಲವೆಡೆ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದುಕೊಟ್ಟರು. ದೋಷದ ಅಪ್‌ಡೇಟನ್ನು ಕಂಪನಿ 78 ನಿಮಿಷದಲ್ಲೇ ವಾಪಸು ಪಡೆಯಿತು. ಆದರೆ ಅಷ್ಟರಲ್ಲಿ 85 ಲಕ್ಷ ವಿಂಡೋಸ್ ಯಂತ್ರಗಳಿಗೆ ತೊಂದರೆಯಾಗಿತ್ತು; ನೀಲಿ ಪರದೆಯಲ್ಲಿ ನಿಂತ ಯಂತ್ರಕ್ಕೆ ಸರಿಯಾದದ್ದನ್ನು ಕಳಿಸುವುದಾದರೂ ಹೇಗೆ? ಹೆಚ್ಚಿನವನ್ನು ಮನುಷ್ಯ ಒಂದೊಂದಾಗಿ ಮುಟ್ಟಿ ಸರಿಮಾಡಬೇಕಾಯಿತು. ಇಂಥ ತಂತ್ರಾಂಶಕ್ಕೆ ಮೊದಲು ಕೆಲವೇ ಯಂತ್ರಗಳಿಗೆ ಕೊಟ್ಟು ನೋಡುವ ಕ್ರಮ ಬಿಟ್ಟರೆ ಬೇರೆ ಪದ್ಧತಿಯೇ ಸಲ್ಲದು. ಆ ಕಂಪನಿಯೂ ಆಮೇಲೆ ಅದಕ್ಕೇ ಒಪ್ಪಿತು.

ತಪ್ಪು ಮಾಹಿತಿಗೆ ಮರಳುವ ಆವೃತ್ತಿ ಇಲ್ಲ ಎಂದಿದ್ದೆನಲ್ಲ, ಈಗ ಆ ಮಾಹಿತಿ ಇರುವ ಡೇಟಾಬೇಸಿಗೆ ಬರೋಣ. ಈ ವಿಷಯದ ಮೇಲೆ ಬರುವ ಪಾಠಗಳಲ್ಲಿ ಬ್ಲೂ-ಗ್ರೀನ್ ಚಿತ್ರ ಬಲು ಚೆಂದ ಇರುತ್ತದೆ, ಡೇಟಾಬೇಸು ಕೆಳಗೆ ಒಂದು ಸಣ್ಣ ಡಬ್ಬಿಯಾಗಿ ಕೂತಿರುತ್ತದೆ. ಕಷ್ಟವೆಲ್ಲ ಆ ಡಬ್ಬಿಯಲ್ಲಿದೆ. ನಮ್ಮ ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮಹಾಲಿಂಗಪುರ ಮೊದಲು ಮುಧೋಳ ತಾಲ್ಲೂಕಿನಲ್ಲಿತ್ತು. ಜಮಖಂಡಿ ತಾಲ್ಲೂಕಿನ ಊರುಗಳನ್ನೂ ನಮ್ಮನ್ನೂ ಸೇರಿಸಿ ರಬಕವಿ-ಬನಹಟ್ಟಿ ಹೊಸ ತಾಲ್ಲೂಕಾಯಿತು.  ಒಂದು ಪತ್ತಿನ ಸಹಕಾರಿ ಸಂಘದ ತಂತ್ರಾಂಶ ಇದೆ ಎಂದುಕೊಳ್ಳಿ. ಅದರಲ್ಲಿ ಪ್ರತಿ ಸದಸ್ಯನ ಮುಂದೆ ತಾಲ್ಲೂಕಿನ ಸಂಕೇತ. ಹಳೆಯ ತಂತ್ರಾಂಶಕ್ಕೆ ಮುಧೋಳ ಗೊತ್ತು, ಜಮಖಂಡಿ ಗೊತ್ತು, ಬೀಳಗಿ ಗೊತ್ತು; ರಬಕವಿ-ಬನಹಟ್ಟಿ ಗೊತ್ತಿಲ್ಲ. ಹೊಸ ಆವೃತ್ತಿ ಬೆಳಿಗ್ಗೆ ಹತ್ತಕ್ಕೆ ಬಂತು, ಸಾವಿರಾರು ಸದಸ್ಯರ ಸಂಕೇತ ಬದಲಿಸಿತು, ಹೊಸ ಸಾಲಗಳನ್ನು ಹೊಸ ಸಂಕೇತದಲ್ಲೇ ಬರೆಯಿತು. ಹನ್ನೊಂದಕ್ಕೆ ಬಡ್ಡಿ ಲೆಕ್ಕದಲ್ಲಿ ತಪ್ಪು ಸಿಕ್ಕಿತು. ಹಳೆಯದಕ್ಕೆ ಮರಳೋಣ ಎಂದರೆ ಹಳೆಯ ಆವೃತ್ತಿ ಆ ಸಂಕೇತ ಕಂಡು ನಿಂತುಬಿಡುತ್ತದೆ. ನಿನ್ನೆ ರಾತ್ರಿಯ ಬ್ಯಾಕಪ್ ಹಾಕೋಣ ಎಂದರೆ ಇವತ್ತು ಬೆಳಿಗ್ಗೆ ಕಟ್ಟಿದವರ ಹಣ ಲೆಕ್ಕದಿಂದ ಮಾಯ. ಸರ್ವರು ಎರಡಿದ್ದರೂ ಹತ್ತಿದ್ದರೂ ಇದಕ್ಕೆ ಉಪಯೋಗವಿಲ್ಲ.

ಇದಕ್ಕೆ ಬಲ್ಲವರು ಮಾಡುವುದು ನಿಧಾನದ ಉಪಾಯ. ಹೊಸ ಸಂಕೇತಕ್ಕೆ ಹಳೆಯದರ ಪಕ್ಕದಲ್ಲಿ ಬೇರೆಯೇ ಕಾಲಂ ಮಾಡುತ್ತಾರೆ; ಹಳೆಯದನ್ನು ಮುಟ್ಟುವುದಿಲ್ಲ. ಮೊದಲ ಆವೃತ್ತಿ ಎರಡೂ ಕಾಲಂಗಳಲ್ಲಿ ಬರೆಯುತ್ತದೆ, ಓದುವುದು ಮಾತ್ರ ಹಳೆಯದರಿಂದ. ಈಗಾಗಲೇ ಇರುವ ಸದಸ್ಯರ ಹೊಸ ಸಂಕೇತವನ್ನು ರಾತ್ರಿಗಳಲ್ಲಿ ತುಂಬುತ್ತ ಬರುತ್ತಾರೆ, ತಾಳೆ ನೋಡುತ್ತಾರೆ. ಮುಂದಿನ ಆವೃತ್ತಿ ಹೊಸದರಿಂದ ಓದುತ್ತದೆ, ಆದರೂ ಎರಡರಲ್ಲೂ ಬರೆಯುತ್ತದೆ. ಈ ಯಾವ ಹಂತದಲ್ಲಿ ದೋಷ ಕಂಡರೂ ಒಂದು ಹೆಜ್ಜೆ ಹಿಂದೆ ಬರಬಹುದು, ಒಬ್ಬ ಸದಸ್ಯನ ಒಂದು ರೂಪಾಯಿಯೂ ಹೋಗುವುದಿಲ್ಲ. ಎಲ್ಲ ಸರಿ ಇದೆ ಎಂದು ಖಾತ್ರಿಯಾದ ಎಷ್ಟೋ ವಾರಗಳ ಮೇಲೆ ಹಳೆಯ ಕಾಲಂ ತೆಗೆಯುತ್ತಾರೆ. ಒಂದು ದೊಡ್ಡ ಬದಲಾವಣೆ ನಾಲ್ಕು ಸಣ್ಣ ಬದಲಾವಣೆಗಳಾಯಿತು. ಆಡಳಿತ ಮಂಡಳಿಯವರಿಗೆ ಇದು ಆಲಸ್ಯದ ಹಾಗೆ ಕಾಣುತ್ತದೆ, ನಾಲ್ಕು ಸಲ ಯಾಕೆ, ಒಂದೇ ಸಲ ಮುಗಿಸಿ ಎನ್ನುತ್ತಾರೆ. ಅವರ ಮಾತು ಕೇಳಬೇಡಿ.

ಮೊದಲು ಯಾರಿಗೆ ಕೊಡುವುದು ಎಂಬ ಪ್ರಶ್ನೆಯನ್ನು ತಾಂತ್ರಿಕರು ಬೇಗ ದಾಟಿಬಿಡುತ್ತಾರೆ. ನಾನು ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶವನ್ನು 2023ರಲ್ಲಿ ತಂದಾಗ ಮೊದಲು ಪ್ರಯೋಗಕ್ಕೆ ಇಟ್ಟ ಕಚೇರಿಗಳಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿಯೂ ಬೆಳಗಾವಿ ದಕ್ಷಿಣವೂ ಇದ್ದವು. ಆಮೇಲೆ ಹಂತಹಂತವಾಗಿ ಕೆಲವೇ ತಿಂಗಳಲ್ಲಿ ರಾಜ್ಯದ ಎಲ್ಲ ಉಪನೋಂದಣಿ ಕಚೇರಿಗಳಿಗೂ ಬಂತು. ಒಂದು ಸಣ್ಣ ತಾಲ್ಲೂಕು, ಒಂದು ನಗರ: ಈ ಜೋಡಿ ಸರಿಯಾದ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಸಣ್ಣ ಕಚೇರಿಯಲ್ಲಿ ಅರ್ಜಿಯ ನಮೂನೆಯ ತಪ್ಪು, ಭಾಷೆಯ ತಪ್ಪು, ದುರ್ಬಲ ಇಂಟರ್ನೆಟ್ಟಿನ ತೊಂದರೆ ಸಿಗುತ್ತದೆ. ಜನಸಂದಣಿಯ ತೊಂದರೆ ಸಿಗುವುದಿಲ್ಲ. ನಗರದಲ್ಲಿ ಇದು ತಿರುಗುಮುರುಗು. ಬರೀ ಸಣ್ಣ ಊರಿನಲ್ಲಿ ಪರೀಕ್ಷಿಸಿ ದೇಶಕ್ಕೆ ಬಿಟ್ಟರೆ ಫೆಬ್ರುವರಿ 1 ಮತ್ತೆ ಆಗುತ್ತದೆ. ಇನ್ನೊಂದು ಮಾತು ನ್ಯಾಯದ್ದು. ಪ್ರಯೋಗದ ಪೆಟ್ಟು ತಿನ್ನುವವರು ಯಾವಾಗಲೂ ಹಿಂದುಳಿದ ತಾಲ್ಲೂಕಿನವರೇ ಆಗಬಾರದು. ಪೆಟ್ಟು ತಿನ್ನುವವರಿಗೆ ಅದು ಪ್ರಯೋಗ ಎಂದು ಗೊತ್ತಿರಬೇಕು, ಕೆಲಸ ಕೆಟ್ಟರೆ ಅದೇ ದಿನ ಬೇರೆ ದಾರಿಯಲ್ಲಿ ಮಾಡಿಕೊಡುವ ವ್ಯವಸ್ಥೆ ಇರಬೇಕು. ಕಂಪನಿಗಳಲ್ಲಿ ಹೊಸದನ್ನು ಮೊದಲು ತಮ್ಮದೇ ನೌಕರರಿಗೆ ಕೊಡುವ ರೂಢಿ ಇದೆ. ಸರ್ಕಾರಿ ನೌಕರರ ಸಂಬಳ, ರಜೆ, ಪಿಂಚಣಿಯ ತಂತ್ರಾಂಶಗಳಲ್ಲೂ ಇದೇ ಕ್ರಮ ಇರಲಿ, ಯಾರಿಗೂ ತಕರಾರಿರಲಿಕ್ಕಿಲ್ಲ.

ಯಾವಾಗ ಬಿಡಬೇಕು ಎಂಬುದನ್ನು ಈ ಭಾಗದವರಿಗೆ ಹೇಳುವುದೇ ಬೇಡ. ಸಮೀರವಾಡಿಯಿಂದ ಹಿಡಿದು ಮುಧೋಳ, ಜಮಖಂಡಿ ಸುತ್ತಿನ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ನುರಿಸುವ ಹಂಗಾಮು ನಡೆದಾಗ, ರಸ್ತೆಯುದ್ದಕ್ಕೂ ಟ್ರ್ಯಾಕ್ಟರು ನಿಂತಾಗ, ತೂಕದ ಕಾಟಾದ ತಂತ್ರಾಂಶ ಬದಲಿಸುವವನಿಗೆ ಏನಾಗಬೇಕು ಎಂದು ನಿಮ್ಮನ್ನು ಕೇಳಿದರೆ ನೀವೇ ಹೇಳುತ್ತೀರಿ. ಬೆಲ್ಲದ ಪೇಟೆಗೂ ಅದೇ ಮಾತು. ಮಾರ್ಚ್ 31ರ ಸುತ್ತಮುತ್ತ ಸಹಕಾರಿ ಸಂಘಗಳಿಗೂ ಅದೇ ಮಾತು. ದೊಡ್ಡ ಕಂಪನಿಗಳೂ ಹಬ್ಬದ ಮಾರಾಟದ ದಿನಗಳಲ್ಲಿ ಹೊಸದನ್ನು ಬಿಡುವುದಿಲ್ಲ. ಶುಕ್ರವಾರ ಸಂಜೆ ಬಿಡಬಾರದು ಎಂಬ ಮಾತು ಈ ಕಸುಬಿನಲ್ಲಿ ಹಾಸ್ಯವಾಗಿಬಿಟ್ಟಿದೆ. ಶನಿವಾರ ರಿಪೇರಿಗೆ ಯಾರು ಬರುತ್ತಾರೆ ಎಂಬುದಕ್ಕೆ ಉತ್ತರ ಸಿಗುವವರೆಗೆ ಅದು ಹಾಸ್ಯವಲ್ಲ.

ಕೊನೆಗೆ, ನಮ್ಮಂಥ ಊರಿನ ಸಂಸ್ಥೆಗಳು ಯಾವ ಪದ್ಧತಿ ಆರಿಸಬೇಕು? ನಾಲ್ಕು ಕೌಂಟರಿನ ಸಂಘಕ್ಕೆ ಬ್ಲೂ-ಗ್ರೀನ್ ಬೇಡ, ಎರಡು ವ್ಯವಸ್ಥೆಯ ಬಾಡಿಗೆ ಕಟ್ಟಿ ಮುಳುಗುತ್ತೀರಿ. ಮಾರುವವರು ಕ್ಯಾನರಿ, ಕುಬರ್ನೆಟಿಸ್ ಎಂಬ ದೊಡ್ಡ ಹೆಸರುಗಳನ್ನು ಬಾಯಿ ತುಂಬ ಹೇಳಿದರೆ ಚಹಾ ಕೊಟ್ಟು ಕಳಿಸಿ. ಒಂದು ಶಾಖೆಯಲ್ಲಿ, ಅದೂ ಒಂದು ಕೌಂಟರಿನಲ್ಲಿ ಮೊದಲು ಹಚ್ಚಿ. ಒಂದು ವಾರದ ವ್ಯವಹಾರ ಹಳೆಯ ಲೆಕ್ಕಕ್ಕೆ ಪೈಸೆ ಪೈಸೆ ತಾಳೆಯಾದ ಮೇಲೆ ಮುಂದಿನ ಕೌಂಟರು. ಬ್ಯಾಕಪ್ ಇದೆ ಎಂಬ ಮಾತನ್ನು ನಂಬದೆ, ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ತೋರಿಸಲು ಹೇಳಿ. ಲಕ್ಷಾಂತರ ಜನ ಬಳಸುವ ಆ್ಯಪ್ ಆದರೆ ಕ್ಯಾನರಿಯೇ ಸರಿ. ಒಂದು ನಿಮಿಷ ನಿಂತರೂ ಸಹಿಸಲಾಗದ, ದುಡ್ಡಿಗೆ ಕೊರತೆಯಿಲ್ಲದ ಜಾಗಕ್ಕೆ ಬ್ಲೂ-ಗ್ರೀನ್. ಜಿಎಸ್‌ಟಿಯ ಹಾಗೆ ಕಾನೂನೇ ಒಂದು ನಡುರಾತ್ರಿಯನ್ನು ಗೊತ್ತುಮಾಡಿದಾಗ ಬಿಗ್ ಬ್ಯಾಂಗ್ ತಪ್ಪಿದ್ದಲ್ಲ. ಆಗ ದಂಡವಿಲ್ಲದ ಕೆಲವು ತಿಂಗಳನ್ನು ಕಾನೂನಿನಲ್ಲೇ ಇಟ್ಟುಕೊಳ್ಳುವುದು ಜಾಣತನ.

ಈ ಸಭೆಯಲ್ಲಿ ಸಹಕಾರಿ ಸಂಘಗಳ ನಿರ್ದೇಶಕರಿದ್ದೀರಿ, ಶಾಲಾ ಕಾಲೇಜುಗಳ ಆಡಳಿತ ಮಂಡಳಿಯವರಿದ್ದೀರಿ, ಕಾರ್ಖಾನೆಗಳ ಲೆಕ್ಕಪತ್ರ ನೋಡುವವರಿದ್ದೀರಿ. ನಿಮ್ಮಲ್ಲಿ ನನ್ನ ವಿನಂತಿ ಇದು. ಮುಂದಿನ ಸಲ ತಂತ್ರಾಂಶದ ಒಪ್ಪಂದಕ್ಕೆ ಸಹಿ ಹಾಕುವಾಗ ಎರಡು ಸಾಲು ಸೇರಿಸಲು ಹೇಳಿ: ಹೊಸ ಆವೃತ್ತಿ ವಿಫಲವಾದರೆ ಎಷ್ಟು ಗಂಟೆಯೊಳಗೆ ಹಳೆಯದಕ್ಕೆ ಮರಳಿಸುತ್ತೀರಿ, ಆ ನಡುವೆ ನಡೆದ ವ್ಯವಹಾರ ಉಳಿಯುತ್ತದೆಯೇ. ಬಾಯಿಮಾತು ಬೇಡ, ಬರೆದುಕೊಡಲಿ. ಬರೆದುಕೊಡಲು ಒಪ್ಪದವರ ತಂತ್ರಾಂಶ ಎಷ್ಟೇ ಅಗ್ಗವಿದ್ದರೂ ಕೊಳ್ಳಬೇಡಿ.